ಮಾನವ ಕಳ್ಳಸಾಗಣೆ: ಅಮೆರಿಕದ ಅಂಕಪಟ್ಟಿಯೂ ನಮ್ಮ ಮೌನವೂ

ಪವಿತ್ರ ಕುರ್‌ಆನಿನ ಸೂರಃ ಯೂಸುಫ್ ಪಾರಾಯಣವಾಗದ ಮುಸ್ಲಿಮ್ ಮನೆ ವಿರಳ. ಆದರೆ ಆ ಅಧ್ಯಾಯದ 19 ಮತ್ತು 20ನೇ ಸೂಕ್ತಗಳ ಮುಂದೆ ನಿಂತು ಯೋಚಿಸುವವರು ಕಡಿಮೆ. ಬಾವಿಯಿಂದ ಮೇಲೆತ್ತಿದ ಬಾಲಕನನ್ನು ದಾರಿಹೋಕರ ತಂಡವೊಂದು ಸರಕಿನಂತೆ ಬಚ್ಚಿಡುತ್ತದೆ. ಬಳಿಕ ಎಣಿಕೆಯ ಕೆಲವೇ ದಿರ್ಹಮ್‌ಗಳಿಗೆ ಮಾರಿಬಿಡುತ್ತದೆ. ಬಾವಿಗೆ ತಳ್ಳಿದವರು ಸ್ವಂತ ಸಹೋದರರು, ಸಾಗಿಸಿದವರು ವರ್ತಕರು, ಕೊಂಡುಕೊಂಡದ್ದು ಗೌರವಾನ್ವಿತ ಮನೆತನ. ಕೊನೆಗೆ ಸೆರೆಮನೆ ಸೇರಿದ್ದು ಮಾತ್ರ ಇವರಲ್ಲಿ ಯಾರೂ ಅಲ್ಲ, ಮಾರಾಟವಾದ ಯೂಸುಫ್(ಅ). ಇಂದು ಜಗತ್ತಿನಾದ್ಯಂತ ನಡೆಯುತ್ತಿರುವ ಮಾನವ ಕಳ್ಳಸಾಗಣೆಯ ಸರಪಳಿಯೂ ಇದೇ. ಹತ್ತಿರದವರೇ ತಳ್ಳುತ್ತಾರೆ, ವ್ಯಾಪಾರಿ ಸಾಗಿಸುತ್ತಾನೆ, ಮರ್ಯಾದಸ್ಥರು ಕೊಳ್ಳುತ್ತಾರೆ, ಬಲಿಪಶುವಿನ ಕೈಗೆ ಕೋಳ ಬೀಳುತ್ತದೆ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಇತರ ಎರಡು ಸಂಸ್ಥೆಗಳು ಸೇರಿ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2021ರಲ್ಲಿ ಸುಮಾರು 5 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. ಅವರಲ್ಲಿ 2.76 ಕೋಟಿ ಮಂದಿ ಬಲವಂತದ ದುಡಿಮೆಯಲ್ಲಿಯೂ ಸುಮಾರು 2.2 ಕೋಟಿ ಮಂದಿ ಬಲವಂತದ ವಿವಾಹದಲ್ಲಿಯೂ ಸಿಲುಕಿದ್ದರು. ಕಳ್ಳಸಾಗಣೆ ಎಂದರೆ ಮಕ್ಕಳನ್ನು ಚೀಲದಲ್ಲಿ ತುಂಬಿ ಒಯ್ಯುವುದು ಎಂಬ ಕಲ್ಪನೆ ನಮ್ಮ ಜನರಲ್ಲಿದೆ. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ ಮತ್ತು ಭಾರತವು 2011ರಲ್ಲಿ ಅನುಮೋದಿಸಿದ ಪಲೆರ್ಮೊ ಒಪ್ಪಂದದ ವ್ಯಾಖ್ಯೆ ಬೇರೆ. ಶೋಷಣೆಯ ಉದ್ದೇಶದಿಂದ, ಬೆದರಿಕೆ, ವಂಚನೆ ಅಥವಾ ಇನ್ನೊಬ್ಬರ ಅಸಹಾಯಕತೆಯ ದುರ್ಬಳಕೆಯ ಮೂಲಕ ಒಬ್ಬ ವ್ಯಕ್ತಿಯನ್ನು ನೇಮಿಸುವುದು, ಸಾಗಿಸುವುದು ಅಥವಾ ಇರಿಸಿಕೊಳ್ಳುವುದು ಕಳ್ಳಸಾಗಣೆ. ಗಡಿ ದಾಟಲೇಬೇಕೆಂದಿಲ್ಲ. ವಂಚನೆಯಿಂದ ಪಡೆದ ಒಪ್ಪಿಗೆಗೆ ಬೆಲೆಯೂ ಇಲ್ಲ.

ಈ ಪಿಡುಗಿನ ವಿರುದ್ಧ ಯಾವ ದೇಶ ಎಷ್ಟು ಹೋರಾಡುತ್ತಿದೆಯೆಂದು ಅಳೆಯುವ ಅಧಿಕಾರವನ್ನು ಅಮೆರಿಕ ತಾನೇ ವಹಿಸಿಕೊಂಡಿದೆ. ಅಲ್ಲಿನ 2000ದ ಕಾನೂನಿನ ಪ್ರಕಾರ ವಿದೇಶಾಂಗ ಇಲಾಖೆಯು 2001ರಿಂದ ವರದಿ ಪ್ರಕಟಿಸುತ್ತಾ ಬಂದಿದೆ. ದೇಶಗಳನ್ನು ಮೊದಲ, ಎರಡನೆಯ ಮತ್ತು ಮೂರನೆಯ ಶ್ರೇಣಿಗಳಾಗಿ ವಿಂಗಡಿಸಲಾಗುತ್ತದೆ. ಎರಡನೆಯದರ ಕೆಳಗೆ ಒಂದು ನಿಗಾಪಟ್ಟಿಯೂ ಇದೆ. ಮೂರನೆಯ ಶ್ರೇಣಿಗೆ ಬಿದ್ದ ದೇಶಕ್ಕೆ ಕೆಲವು ಬಗೆಯ ನೆರವನ್ನು ತಡೆಹಿಡಿಯಬಹುದು. ಮೊದಲ ಹಲವು ವರ್ಷ ಅಮೆರಿಕ ತನಗೆ ತಾನು ಅಂಕ ಕೊಟ್ಟುಕೊಳ್ಳಲೇ ಇಲ್ಲ. 2010ರಲ್ಲಿ ಮೊದಲ ಬಾರಿಗೆ ಕೊಟ್ಟುಕೊಂಡಿತು. ಅದು ಮೊದಲ ಶ್ರೇಣಿಯೇ ಆಗಿತ್ತು. ಪರೀಕ್ಷಕನೇ ಉತ್ತರಪತ್ರಿಕೆ ಬರೆದು ಅಂಕ ಹಾಕಿಕೊಂಡರೆ ಫಲಿತಾಂಶ ಬೇರೇನು ಬಂದೀತು?

ಈ ಅಂಕಪಟ್ಟಿಯ ಬಣ್ಣ ಸಂಪೂರ್ಣ ಬಯಲಾದದ್ದು 2015ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಮಲೇಷ್ಯಾದ ಪೊಲೀಸರು ಥಾಯ್ಲೆಂಡ್ ಗಡಿಯ ವಾಂಗ್ ಕೆಲಿಯನ್ ಬಳಿಯ ಕಾಡಿನಲ್ಲಿ 28 ಶಿಬಿರಗಳನ್ನೂ 139 ಗೋರಿಗಳೆಂದು ಶಂಕಿಸಲಾದ ಸ್ಥಳಗಳನ್ನೂ ಪತ್ತೆಹಚ್ಚಿದ್ದಾಗಿ ಪ್ರಕಟಿಸಿದರು. ಅಲ್ಲಿ ಕೂಡಿಹಾಕಲ್ಪಟ್ಟವರು ಮುಖ್ಯವಾಗಿ ಮ್ಯಾನ್ಮಾರ್‌ನಿಂದ ಪ್ರಾಣಭಯದಿಂದ ಓಡಿಬಂದ ರೋಹಿಂಗ್ಯಾ ಮುಸ್ಲಿಮರು ಮತ್ತು ಕೆಲಸ ಅರಸಿ ಹೊರಟ ಬಾಂಗ್ಲಾದೇಶೀಯರು. ಕುಟುಂಬದವರು ಹಣ ಕಳುಹಿಸುವವರೆಗೆ ಅವರನ್ನು ಒತ್ತೆಯಿಡಲಾಗುತ್ತಿತ್ತು. ಹಿಂದಿನ ವರ್ಷ ಮೂರನೆಯ ಶ್ರೇಣಿಯಲ್ಲಿದ್ದ ಮಲೇಷ್ಯಾ, ಗೋರಿಗಳು ಪತ್ತೆಯಾದ ಎರಡೇ ತಿಂಗಳಲ್ಲಿ ನಿಗಾಪಟ್ಟಿಗೆ ಬಡ್ತಿ ಪಡೆಯಿತು. ಅಮೆರಿಕಕ್ಕೆ ಆಗ ಪೆಸಿಫಿಕ್ ವ್ಯಾಪಾರ ಒಪ್ಪಂದ ಬೇಕಿತ್ತು. ಮೂರನೆಯ ಶ್ರೇಣಿಯ ದೇಶಗಳೊಂದಿಗೆ ಅಂಥ ಒಪ್ಪಂದವನ್ನು ತ್ವರಿತವಾಗಿ ಅಂಗೀಕರಿಸಲು ಅದರದೇ ಕಾನೂನು ತಡೆಯಾಗಿತ್ತು. ಪರಿಣತ ವಿಶ್ಲೇಷಕರ ಅಭಿಪ್ರಾಯವನ್ನು ಹಿರಿಯ ರಾಜತಂತ್ರಜ್ಞರು ತಳ್ಳಿಹಾಕಿದರೆಂದು ರಾಯಿಟರ್ಸ್ ಸುದ್ದಿಸಂಸ್ಥೆ ಆ ಆಗಸ್ಟ್‌ನಲ್ಲಿ ವರದಿ ಮಾಡಿತು.

ಇಲ್ಲಿಯವರೆಗಿನ ಮಾತನ್ನು ನಮ್ಮ ಓದುಗರು ತಲೆದೂಗಿ ಒಪ್ಪುತ್ತಾರೆ. ಈಗ ಒಪ್ಪಲು ಕಷ್ಟವಾದ ಮಾತಿಗೆ ಬರೋಣ. ಆ ಕಾಡಿನಲ್ಲಿ ಹೂತುಹೋದವರಲ್ಲಿ ನಮ್ಮ ಸಹೋದರರಿದ್ದರು. ಅವರ ಬಗ್ಗೆ ಮುಸ್ಲಿಮ್ ಬಹುಸಂಖ್ಯಾತ ಮಲೇಷ್ಯಾವನ್ನು ಪ್ರಶ್ನಿಸಿದ ಖುತುಬಾಗಳೆಷ್ಟು? ಖಂಡನಾ ನಿರ್ಣಯಗಳೆಷ್ಟು? ರೋಹಿಂಗ್ಯಾಗಳನ್ನು ಓಡಿಸಿದ ಬೌದ್ಧ ಉಗ್ರರ ವಿರುದ್ಧ ನಾವು ಸರಿಯಾಗಿಯೇ ಧ್ವನಿಯೆತ್ತಿದೆವು. ಅವರನ್ನು ಕೂಡಿಹಾಕಿ ಮಾರಿದವರ ಬಗ್ಗೆ ನಮ್ಮ ಧ್ವನಿ ಉಡುಗಿತು. ಅಮೆರಿಕ ವ್ಯಾಪಾರಕ್ಕಾಗಿ ಕಣ್ಣು ಮುಚ್ಚಿತು. ನಾವು ಸಮುದಾಯಾಭಿಮಾನಕ್ಕಾಗಿ ಕಣ್ಣು ಮುಚ್ಚಿದೆವು. ಗೋರಿಯೊಳಗಿರುವವನಿಗೆ ಇವೆರಡರ ನಡುವೆ ಏನು ವ್ಯತ್ಯಾಸ?

ಗಲ್ಫ್ ರಾಷ್ಟ್ರಗಳ ಕಾರ್ಮಿಕರ ಸ್ಥಿತಿಯ ಬಗ್ಗೆ ವರದಿ ಬಂದಾಗಲೆಲ್ಲ ನಮ್ಮ ವಲಯದಲ್ಲಿ ಒಂದೇ ಉತ್ತರ ಸಿದ್ಧವಾಗಿರುತ್ತದೆ: ಇದು ಇಸ್ಲಾಮಿನ ವಿರುದ್ಧ ಪಾಶ್ಚಾತ್ಯರ ಸಂಚು. ಪಾಶ್ಚಾತ್ಯರಿಗೆ ರಾಜಕೀಯ ಉದ್ದೇಶಗಳಿರುವುದು ನಿಜ. ಆದರೆ ಪರೀಕ್ಷಕ ಪಕ್ಷಪಾತಿಯೆಂದ ಮಾತ್ರಕ್ಕೆ ವಿದ್ಯಾರ್ಥಿ ಉತ್ತೀರ್ಣನಾಗುವುದಿಲ್ಲ. ಒಂದು ಜನಾಂಗದ ಮೇಲಿನ ದ್ವೇಷವು ನ್ಯಾಯದಿಂದ ನಿಮ್ಮನ್ನು ವಿಮುಖಗೊಳಿಸದಿರಲಿ ಎಂದು ಸೂರಃ ಅಲ್ ಮಾಇದಃದಲ್ಲಿ ಆದೇಶಿಸಿದ ಅಲ್ಲಾಹನೇ, ನ್ಯಾಯಸಾಕ್ಷ್ಯವು ಸ್ವತಃ ನಿಮಗೆ, ನಿಮ್ಮ ಹೆತ್ತವರಿಗೆ ಅಥವಾ ಬಂಧುಗಳಿಗೆ ವಿರುದ್ಧವಾದರೂ ಅದರಲ್ಲಿ ಸ್ಥಿರವಾಗಿರಿ ಎಂದು ಸೂರಃ ಅನ್ನಿಸಾಇನ 135ನೇ ಸೂಕ್ತದಲ್ಲಿ ಆಜ್ಞಾಪಿಸಿದ್ದಾನೆ. ಮೊದಲನೆಯದನ್ನು ಅಮೆರಿಕಕ್ಕೆ ಓದಿ ಹೇಳುವ ನಾವು ಎರಡನೆಯದನ್ನು ನಮಗೆ ಓದಿಕೊಳ್ಳುವುದಿಲ್ಲ.

ಹಾಗಾದರೆ ರಾಷ್ಟ್ರಗಳನ್ನು ಅಳೆಯುವ ನಮ್ಮ ಮಾನದಂಡ ಯಾವುದು? ಅದಕ್ಕಾಗಿ ಬೇರೆಲ್ಲೂ ಹುಡುಕಬೇಕಿಲ್ಲ. ಮದೀನಾದಲ್ಲಿ ಕಪಟವಿಶ್ವಾಸಿಗಳ ಮುಖಂಡನಾಗಿದ್ದ ಅಬ್ದುಲ್ಲಾ ಬಿನ್ ಉಬಯ್ಯ್ ತನ್ನ ದಾಸಿಯರನ್ನು ವೇಶ್ಯಾವೃತ್ತಿಗೆ ದೂಡಿ ಸಂಪಾದಿಸುತ್ತಿದ್ದ. ಆ ಸಂದರ್ಭದಲ್ಲಿ ಅವತೀರ್ಣವಾದದ್ದು ಸೂರಃ ಅನ್ನೂರ್‌ನ 33ನೇ ಸೂಕ್ತವೆಂದು ಹದೀಸ್ ಗ್ರಂಥಗಳು ದಾಖಲಿಸಿವೆ. ಐಹಿಕ ಲಾಭಕ್ಕಾಗಿ ಸ್ತ್ರೀಯರನ್ನು ಹಾಗೆ ಬಲವಂತಪಡಿಸಕೂಡದೆಂದು ನಿಷೇಧಿಸಿದ ಬಳಿಕ, ಬಲವಂತಕ್ಕೆ ಒಳಗಾದವರ ಮಟ್ಟಿಗೆ ಅಲ್ಲಾಹನು ಕ್ಷಮಾಶೀಲನೂ ಕರುಣಾಮಯಿಯೂ ಆಗಿರುವನೆಂದು ಆ ಸೂಕ್ತ ಸಾರುತ್ತದೆ. ಆ ಕ್ಷಮೆ ಸ್ತ್ರೀಯರಿಗೆ, ಪಾಪದ ಹೊರೆ ಬಲವಂತಪಡಿಸಿದವನಿಗೆ ಎಂದು ಮುಫಸ್ಸಿರರು ವಿವರಿಸಿದ್ದಾರೆ. ಬಲಿಪಶುವನ್ನು ಶಿಕ್ಷಿಸಬಾರದೆಂಬ ತತ್ವವನ್ನು ಆಧುನಿಕ ಕಾನೂನು ತನ್ನ ಸಾಧನೆಯೆಂದು ಎಣಿಸುತ್ತದೆ. ಯುರೋಪಿನ ದೇಶಗಳು ಅದನ್ನು ತಮ್ಮ ಒಪ್ಪಂದದಲ್ಲಿ ಬರೆದುಕೊಂಡದ್ದು 2005ರಲ್ಲಿ. ಅದಕ್ಕಿಂತ ಹದಿಮೂರು ಶತಮಾನಕ್ಕೂ ಹಿಂದೆ ಅದು ನಮ್ಮ ಗ್ರಂಥದಲ್ಲಿತ್ತು. ನಾವು ಅದನ್ನು ಪಾರಾಯಣ ಮಾಡಿದೆವು, ಮಾನದಂಡವಾಗಿಸಲಿಲ್ಲ.

ಎರಡನೆಯ ಆಧಾರ ಸಹೀಹ್ ಬುಖಾರಿಯ ಪ್ರಸಿದ್ಧ ಹದೀಸ್. ಪುನರುತ್ಥಾನದ ದಿನ ಮೂವರ ವಿರುದ್ಧ ಅಲ್ಲಾಹನೇ ಪ್ರತಿವಾದಿಯಾಗಿ ನಿಲ್ಲುತ್ತಾನೆ: ಅವನ ಹೆಸರಿನಲ್ಲಿ ಮಾತು ಕೊಟ್ಟು ವಂಚಿಸಿದವನು, ಸ್ವತಂತ್ರ ಮನುಷ್ಯನನ್ನು ಮಾರಿ ಅದರ ಬೆಲೆಯನ್ನು ತಿಂದವನು, ಕೂಲಿಯಾಳಿನಿಂದ ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನು. ಕಳ್ಳಸಾಗಣೆಯ ಜಾಲ ಈ ಮೂವರಿಂದಲೇ ಆಗಿದೆ. ಸುಳ್ಳು ಭರವಸೆ ನೀಡುವ ದಲ್ಲಾಳಿ ಮೊದಲಿಗ, ಮಾರುವವನು ಎರಡನೆಯವನು, ಬಿಟ್ಟಿ ದುಡಿಸಿಕೊಳ್ಳುವ ಮಾಲಕ ಮೂರನೆಯವನು.

ಮೂರನೆಯ ಆಧಾರ ಸಲ್ಮಾನ್ ಫಾರ್ಸೀ(ರ)ರವರ ಚರಿತ್ರೆ. ಸತ್ಯಾನ್ವೇಷಣೆಗೆ ಹೊರಟ ಅವರನ್ನು ಜೊತೆಗಿದ್ದ ಪ್ರಯಾಣಿಕರೇ ವಂಚಿಸಿ ಗುಲಾಮನಾಗಿ ಮಾರಿದರು. ಬಿಡುಗಡೆಗೆ ಮಾಲಕನು 300 ಖರ್ಜೂರದ ಗಿಡಗಳನ್ನೂ 40 ಊಕಿಯಾ ಬಂಗಾರವನ್ನೂ ಕೇಳಿದ. ಪ್ರವಾದಿವರ್ಯರು(ಸ) ಸಹಾಬಿಗಳಿಗೆ, ನಿಮ್ಮ ಸಹೋದರನಿಗೆ ನೆರವಾಗಿ ಎಂದರು. ಒಬ್ಬರು ಮೂವತ್ತು, ಇನ್ನೊಬ್ಬರು ಇಪ್ಪತ್ತು, ಮತ್ತೊಬ್ಬರು ಹತ್ತು ಸಸಿಗಳನ್ನು ತಂದರು. ಪ್ರವಾದಿಯವರು(ಸ) ಸ್ವಹಸ್ತದಿಂದ ನೆಟ್ಟರು. ಬಿಡುಗಡೆಯ ಹೊಣೆಯನ್ನು ಇಡೀ ಸಮಾಜ ಹೊತ್ತುಕೊಂಡಿತು.

ಈ ಮೂರು ಆಧಾರಗಳಿಂದ ಮೂರು ಪ್ರಶ್ನೆಗಳು ಹುಟ್ಟುತ್ತವೆ. ಜಾಲದಿಂದ ತಪ್ಪಿಸಿಕೊಂಡು ಬಂದವನನ್ನು ಆ ದೇಶ ಸಂತ್ರಸ್ತನೆಂದು ಕಾಣುತ್ತದೆಯೋ ಅಪರಾಧಿಯೆಂದೋ? ಅವನ ಬೆವರಿನ ಕೂಲಿ ಅವನ ಕೈಸೇರುತ್ತದೆಯೋ? ಅವನು ಮತ್ತೆ ಎದ್ದು ನಿಲ್ಲುವವರೆಗೆ ಯಾರಾದರೂ ಅವನ ಜೊತೆಗಿರುತ್ತಾರೆಯೋ? ಬಂಧನಗಳ ಸಂಖ್ಯೆ, ದಾಖಲಾದ ಮೊಕದ್ದಮೆಗಳ ಸಂಖ್ಯೆ, ಹೊಸ ಕಾನೂನುಗಳ ಸಂಖ್ಯೆ ಇವೆಲ್ಲ ಈ ಮೂರರ ನಂತರದ ಮಾತು.

ಈ ಪ್ರಶ್ನೆಗಳನ್ನು ಮೊದಲು ಪರೀಕ್ಷಕರಿಗೇ ಕೇಳೋಣ. ಪಲೆರ್ಮೊ ಒಪ್ಪಂದವು ಕಳ್ಳಸಾಗಣೆಯನ್ನು ಅಪರಾಧವೆಂದು ಘೋಷಿಸುವುದನ್ನು ಕಡ್ಡಾಯಗೊಳಿಸಿದೆ. ಆದರೆ ಸಂತ್ರಸ್ತರಿಗೆ ವಸತಿ, ಚಿಕಿತ್ಸೆ, ಉದ್ಯೋಗ ಒದಗಿಸುವ ವಿಷಯ ಬಂದಾಗ ಸರಕಾರಗಳು ಅದನ್ನು ಪರಿಗಣಿಸಬೇಕು ಎಂದಷ್ಟೇ ಹೇಳಿ ನಿಲ್ಲುತ್ತದೆ. ಅಮೆರಿಕವು ಸಂತ್ರಸ್ತರಿಗಾಗಿ ವಿಶೇಷ ವೀಸಾ ಇಟ್ಟಿದೆ. ವರ್ಷಕ್ಕೆ ಅದರ ಮಿತಿ 5,000. ಮಕ್ಕಳು ಮತ್ತು ತೀವ್ರ ಆಘಾತಕ್ಕೊಳಗಾದವರನ್ನು ಬಿಟ್ಟರೆ ಉಳಿದವರು ಅದನ್ನು ಪಡೆಯಲು ತನಿಖೆಗೆ ಸಹಕರಿಸಬೇಕು. ಸಾಕ್ಷಿ ನುಡಿದರೆ ಆಶ್ರಯ, ಇಲ್ಲವಾದರೆ ಗಡೀಪಾರಿನ ಭಯ. ಸಂತ್ರಸ್ತನನ್ನು ಮೊಕದ್ದಮೆಯ ಉಪಕರಣವಾಗಿ ಕಾಣುವ ಈ ವ್ಯವಸ್ಥೆಗೆ ಪೂರ್ಣಾಂಕ ಸಿಗುವುದು ಅದರದೇ ಪಟ್ಟಿಯಲ್ಲಿ ಮಾತ್ರ.

ಈಗ ಗಲ್ಫ್‌ಗೆ ಬರೋಣ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಅನ್ನ ಅಲ್ಲಿಂದ ಬಂದಿದೆ. ಆ ಋಣವನ್ನು ಮರೆಯಬೇಕಾಗಿಲ್ಲ. ಆದರೆ ಕಫಾಲಾ ಎಂಬ ಪದಕ್ಕೆ ಆಗಿರುವ ಗತಿಯನ್ನು ಗಮನಿಸಿ. ಮರ್ಯಮ್(ಅ)ರ ಪೋಷಣೆಯನ್ನು ಝಕರಿಯ್ಯಾ(ಅ)ರಿಗೆ ವಹಿಸಿದುದನ್ನು ಹೇಳಲು ಕುರ್‌ಆನ್ ಬಳಸಿದ ಧಾತು ಅದು. ಅನಾಥನ ಪೋಷಕನು ಸ್ವರ್ಗದಲ್ಲಿ ತನ್ನ ಜೊತೆ ಎರಡು ಬೆರಳುಗಳಂತೆ ಇರುವನೆಂದು ಪ್ರವಾದಿಯವರು(ಸ) ಹೇಳಿದಾಗ ಬಳಸಿದ ಪದ ಕಾಫಿಲ್. ರಕ್ಷಣೆಯನ್ನು ಸೂಚಿಸುವ ಆ ಪದವು ಇಂದು ಒಬ್ಬ ಕಾರ್ಮಿಕನ ವಾಸ್ತವ್ಯ, ಉದ್ಯೋಗ, ಮರಳುವಿಕೆಗಳನ್ನೆಲ್ಲ ಒಬ್ಬ ಮಾಲಕನ ಮರ್ಜಿಗೆ ಕಟ್ಟಿಹಾಕುವ ವ್ಯವಸ್ಥೆಯ ಹೆಸರಾಗಿದೆ. ಸಂಬಳ ಸಿಗದೆ, ಹೊಡೆತ ತಾಳಲಾರದೆ ಮನೆಗೆಲಸದವಳು ಓಡಿಬಂದರೆ ಮಾಲಕನು ಹುರೂಬ್ ದೂರು ದಾಖಲಿಸುತ್ತಾನೆ; ಅವಳು ಪಲಾಯನದ ಆರೋಪಿಯಾಗುತ್ತಾಳೆ. ಸೂರಃ ಅನ್ನೂರ್‌ನ ಮಾನದಂಡ ಇಲ್ಲಿ ತಲೆಕೆಳಗಾಗಿದೆ.

ಆಗಿರುವ ಸುಧಾರಣೆಗಳನ್ನು ಮರೆಮಾಚುವುದೂ ಅನ್ಯಾಯ. ಕತರ್ 2018ರಿಂದ 2020ರ ನಡುವೆ ಬಹುತೇಕ ಕಾರ್ಮಿಕರಿಗೆ ನಿರ್ಗಮನ ಪರವಾನಿಗೆಯನ್ನು ರದ್ದುಗೊಳಿಸಿತು, ಕೆಲಸ ಬದಲಿಸಲು ಮಾಲಕನ ಅನುಮತಿ ಬೇಡವೆಂದಿತು, 2021ರಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ನಿಗದಿಪಡಿಸಿತು. ಸೌದಿ ಅರೇಬಿಯಾ 2021ರ ಮಾರ್ಚ್‌ನಲ್ಲಿ ಖಾಸಗಿ ವಲಯದ ಕಾರ್ಮಿಕರಿಗೆ ಇಂಥದೇ ಕೆಲವು ಸ್ವಾತಂತ್ರ್ಯಗಳನ್ನು ಕೊಟ್ಟಿತು. ಆದರೆ ಮನೆಗೆಲಸದವರು, ಮನೆಯ ಚಾಲಕರು, ತೋಟದಾಳುಗಳು, ಕುರಿ ಮೇಯಿಸುವವರು ಆ ಸುಧಾರಣೆಯ ಹೊರಗುಳಿದರು. ಮುಚ್ಚಿದ ಬಾಗಿಲಿನೊಳಗೆ, ಮರುಭೂಮಿಯ ಒಂಟಿತನದಲ್ಲಿ ದುಡಿಯುವವರಿಗೇ ರಕ್ಷಣೆ ಎಲ್ಲಕ್ಕಿಂತ ಹೆಚ್ಚು ಬೇಕು. ಅವರನ್ನೇ ಹೊರಗಿಟ್ಟರೆ ಅದನ್ನು ಏನೆಂದು ಕರೆಯೋಣ? ಕಫಾಲಾದ ಚೌಕಟ್ಟು ಉಳಿದಿರುವಾಗಲೇ 2018ರಲ್ಲಿ ಅಮೆರಿಕವು ಬಹರೈನ್‌ಗೆ ಮೊದಲ ಶ್ರೇಣಿ ನೀಡಿತು. ಅಂಕಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ದೇಶದ ಕಾನೂನುಗಳು ಕಾಗದದ ಮೇಲೆ ಬಲವಾಗಿವೆ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ಚಾಕರಿಯನ್ನೂ ನಿಷೇಧಿಸುತ್ತದೆ. 1976ರ ಕಾನೂನು ಜೀತವನ್ನು ರದ್ದುಗೊಳಿಸಿದೆ. 2013ರಲ್ಲಿ ದಂಡಸಂಹಿತೆಗೆ ಸೇರಿದ ಕಳ್ಳಸಾಗಣೆಯ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಾಗಿದೆ. ಸಂತ್ರಸ್ತರ ಒಪ್ಪಿಗೆ ಅಪ್ರಸ್ತುತವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಮ್ಮ ಮೂರು ಪ್ರಶ್ನೆಗಳನ್ನು ಕೇಳಿದಾಗ ಉತ್ತರ ತಡವರಿಸುತ್ತದೆ. ಜೀತದಿಂದ ಬಿಡುಗಡೆಯಾದವರಿಗೆ ಕೇಂದ್ರ ಯೋಜನೆಯಡಿ 1ರಿಂದ 3 ಲಕ್ಷ ರೂಪಾಯಿಯವರೆಗೆ ಪುನರ್ವಸತಿ ಧನವಿದೆ. ಅದರ ಅಂತಿಮ ಪಾವತಿ ಮಾತ್ರ ನ್ಯಾಯಾಂಗ ಪ್ರಕ್ರಿಯೆಗೆ ಅಂಟಿಕೊಂಡಿದೆ. ಹಸಿದವನು ತೀರ್ಪಿನವರೆಗೆ ಕಾಯಬೇಕು. 1956ರ ಅನೈತಿಕ ವ್ಯವಹಾರ ತಡೆ ಕಾನೂನಿನಂತೆ ರಕ್ಷಿಸಲ್ಪಟ್ಟ ಮಹಿಳೆಯನ್ನು ಒಂದರಿಂದ ಮೂರು ವರ್ಷ ರಕ್ಷಣಾಗೃಹದಲ್ಲಿ ಇರಿಸಬಹುದು. ಯೂಸುಫ್(ಅ)ರ ಸೆರೆಮನೆ ಇಲ್ಲಿ ಹೊಸ ಹೆಸರು ಪಡೆದಿದೆ.

ಬಂಧನಗಳ ಸಂಖ್ಯೆಯನ್ನೇ ಸಾಧನೆಯೆಂದು ಕಂಡರೆ ಏನಾಗುತ್ತದೆಂಬುದಕ್ಕೆ ಇನ್ನೊಂದು ಉದಾಹರಣೆ ಇದೆ. 2023ರ ಮೇ ತಿಂಗಳ ಕೊನೆಯಲ್ಲಿ ಬಿಹಾರದಿಂದ ಮಹಾರಾಷ್ಟ್ರದ ಮದ್ರಸಗಳಿಗೆ ಓದಲು ಹೊರಟಿದ್ದ 59 ಮಕ್ಕಳನ್ನು ಭುಸಾವಳ ಮತ್ತು ಮನ್ಮಾಡ್ ನಿಲ್ದಾಣಗಳಲ್ಲಿ ರೈಲಿನಿಂದ ಇಳಿಸಲಾಯಿತು. ಜೊತೆಗಿದ್ದ ಐವರನ್ನು ಕಳ್ಳಸಾಗಣೆದಾರರೆಂದು ಬಂಧಿಸಿ ಜೈಲಿಗೆ ಕಳುಹಿಸಲಾಯಿತು. ಮರುವರ್ಷ ಪೊಲೀಸರೇ ಪ್ರಕರಣವನ್ನು ಮುಕ್ತಾಯಗೊಳಿಸಿದರು. ತಪ್ಪು ತಿಳಿವಳಿಕೆಯಿಂದ ಆದದ್ದು ಎಂದರು. ಮದ್ರಸದಲ್ಲಿ ಕಲಿತು ಮದ್ರಸದಲ್ಲೇ ಕಲಿಸುವ ನನಗೆ ಆ ಸುದ್ದಿ ತಂದ ನೋವು ಸಣ್ಣದಲ್ಲ. ಆದರೆ ಆ ನೋವನ್ನು ಪರದೆಯಾಗಿಸಿಕೊಳ್ಳುವುದು ಸಲ್ಲದು. ಅದೇ ಬಿಹಾರದ ಬಡ ಮಕ್ಕಳು, ನಮ್ಮ ಮಕ್ಕಳೂ ಸೇರಿ, ಜೈಪುರದ ಬಳೆ ಕಾರ್ಖಾನೆಗಳ ಕತ್ತಲೆ ಕೋಣೆಗಳಲ್ಲಿ ದುಡಿಯುತ್ತಾ ಸಿಕ್ಕಿದ್ದಾರೆ. ಹಾಗೆ ದುಡಿಸಿಕೊಂಡವರಲ್ಲಿಯೂ ನಮ್ಮವರಿದ್ದಾರೆ. ಸುಳ್ಳು ಆರೋಪಕ್ಕೆ ಉತ್ತರ ಸತ್ಯವೇ ಹೊರತು ಮೌನವಲ್ಲ. ಪ್ರತಿ ಮಗುವಿನ ಹೆತ್ತವರ ಒಪ್ಪಿಗೆ, ಗುರುತಿನ ದಾಖಲೆ, ವ್ಯಾಸಂಗದ ವಿವರಗಳನ್ನು ಚೊಕ್ಕವಾಗಿ ಇಡುವ ಮದ್ರಸವು ಅಮಾಯಕ ಉಸ್ತಾದರನ್ನೂ ಮಕ್ಕಳನ್ನೂ ಒಟ್ಟಿಗೆ ರಕ್ಷಿಸುತ್ತದೆ.

ನಮ್ಮ ಊರುಗಳಲ್ಲಿ ನಡೆಯುವ ಅಝಾದ್ ವೀಸಾದ ವ್ಯಾಪಾರವನ್ನೂ ನೋಡೋಣ. ಇಲ್ಲದ ಕೆಲಸಕ್ಕೆ ವೀಸಾ ಪಡೆದು, ಬಡವನಿಗೆ ಅದನ್ನು ಲಕ್ಷಗಳಿಗೆ ಮಾರಿ, ವಿಮಾನ ಇಳಿದ ಮೇಲೆ ನಿನ್ನ ದಾರಿ ನೀನು ನೋಡಿಕೋ ಎನ್ನುವುದು ಉಪಕಾರವೆಂದು ಕರೆಯಲ್ಪಡುತ್ತದೆ. ತಾಯಿಯ ಬಂಗಾರ ಅಡವಿಟ್ಟು ಹೋದ ಯುವಕನು ಸಾಲ ತೀರುವವರೆಗೆ ಯಾವ ದಬ್ಬಾಳಿಕೆಯನ್ನೂ ಸಹಿಸಬೇಕಾದ ಸ್ಥಿತಿಗೆ ಬರುತ್ತಾನೆ. ಮನೆಗೆಲಸಕ್ಕೆ ವಿದೇಶಕ್ಕೆ ಹೋಗುವ ಮಹಿಳೆಯರಿಗೆ ಸರಕಾರ 30 ವರ್ಷದ ವಯೋಮಿತಿ ಇಟ್ಟಿದ್ದರೆ, ಸಂದರ್ಶನ ವೀಸಾದಲ್ಲಿ ಕಳುಹಿಸಿ ಅದನ್ನು ದಾಟಿಸುವ ದಲ್ಲಾಳಿಗಳಿದ್ದಾರೆ. ಈ ಹಣದಿಂದ ಬಂದ ದೇಣಿಗೆಯನ್ನು ಮಸೀದಿಯ ಕಟ್ಟಡ ನಿಧಿ ಸ್ವೀಕರಿಸುತ್ತದೆ. ದಾನಿಯ ಹೆಸರು ಫಲಕದ ಮೇಲೇರುತ್ತದೆ. ಹದೀಸ್ ಎಚ್ಚರಿಸಿದ ಮೂವರಲ್ಲಿ ಮೊದಲಿಗನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಅಮೆರಿಕದ ವರದಿಯನ್ನು ಖಂಡಿಸುವುದರಲ್ಲಿ ಅರ್ಥವೇನು?

ಅವರು ಒಪ್ಪಿಯೇ ಹೋದವರಲ್ಲವೇ ಎಂದು ಕೆಲವರು ಕೇಳುತ್ತಾರೆ. ಸರಕಿನ ದೋಷವನ್ನು ಮುಚ್ಚಿಟ್ಟು ನಡೆಸಿದ ವ್ಯಾಪಾರದಲ್ಲಿ ಕೊಂಡವನಿಗೆ ಅದನ್ನು ಹಿಂದಿರುಗಿಸುವ ಹಕ್ಕನ್ನು ಫಿಕ್‌ಹ್ ನೀಡುತ್ತದೆ. ಒಂದು ಮೇಕೆಗೆ ಸಿಗುವ ಆ ನ್ಯಾಯ ಮನುಷ್ಯನಿಗೆ ಬೇಡವೇ? ಬಲವಂತದಲ್ಲಿ ನುಡಿದ ಕುಫ್ರ್‌ನ ಮಾತನ್ನೂ ಅಲ್ಲಾಹನು ಮನ್ನಿಸುತ್ತಾನೆಂದು ಸೂರಃ ಅನ್ನಹ್ಲ್ ಹೇಳುತ್ತದೆ. ಹಾಗಿರುವಾಗ ಬಲವಂತದಲ್ಲಿ ಅವಧಿ ಮೀರಿದ ವೀಸಾ ಯಾವ ಮಹಾಪರಾಧ? ಇನ್ನು ಕೆಲವರು ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಗುಲಾಮರ ಅಧ್ಯಾಯಗಳಿವೆಯೆಂದು ಎತ್ತಿ ತೋರುತ್ತಾರೆ. ಇವೆ. ಮುಸ್ಲಿಮ್ ನಾಡುಗಳು ಅದನ್ನು ಕೈಬಿಡಲು ತಡಮಾಡಿದ್ದೂ ನಿಜ. ಸೌದಿ ಅರೇಬಿಯಾ 1962ರಲ್ಲಿ, ಮಾರಿಟಾನಿಯಾ 1981ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದವು. ಆದರೆ ಸ್ವತಂತ್ರನನ್ನು ಮಾರುವುದನ್ನು ಯಾವ ಮದ್ಹಬ್ ಕೂಡ ಎಂದೂ ಹಲಾಲ್ ಎಂದಿಲ್ಲ. ಇಂದು ಮಾರಾಟವಾಗುತ್ತಿರುವವರೆಲ್ಲರೂ ಸ್ವತಂತ್ರರೇ.

ನಮ್ಮ ಕೈಯಲ್ಲಿ ಸರಕಾರವಿಲ್ಲ, ಜಮಾಅತ್ ಇದೆ. ಊರಿನಿಂದ ದುಡಿಯಲು ಹೊರಡುವ ಪ್ರತಿಯೊಬ್ಬನ ಏಜೆಂಟ್ ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಾಯಿತನೇ ಎಂದು ಜಮಾಅತ್ ಪರಿಶೀಲಿಸಲಿ. ಕರಾರುಪತ್ರವನ್ನು ಸಹಿಗೆ ಮುಂಚೆ ಓದಿ ಹೇಳುವ ಇಬ್ಬರು ವಿದ್ಯಾವಂತರನ್ನು ನೇಮಿಸಲಿ. ವೀಸಾ ಮಾರಿ ವಂಚಿಸಿದವನ ದೇಣಿಗೆಯನ್ನು ನಿರಾಕರಿಸಲಿ, ಹಣ ಮರಳಿಸುವಂತೆ ಅವನನ್ನು ಕರೆಸಿ ಕೇಳಲಿ. ಮರಳಿಬಂದವಳ ಚಾರಿತ್ರ್ಯದ ಬಗ್ಗೆ ಪಿಸುಗುಟ್ಟುವ ನಾಲಿಗೆಗಳಿಗೆ ಖತೀಬರು ಮಿಂಬರ್‌ನಿಂದ ಸೂರಃ ಅನ್ನೂರ್ ಕೇಳಿಸಲಿ. ಝಕಾತ್‌ನ ಎಂಟು ಬಾಬತ್ತುಗಳಲ್ಲಿ ಕೊರಳ ಬಿಡುಗಡೆಯೂ ಒಂದು. ಇಂದಿನ ಸಂತ್ರಸ್ತರಿಗೆ ಅದು ಅನ್ವಯಿಸುತ್ತದೆಯೇ ಎಂಬುದರಲ್ಲಿ ಉಲಮಾಗಳಿಗೆ ಭಿನ್ನಾಭಿಪ್ರಾಯವಿದ್ದರೂ, ಸಾಲದಲ್ಲಿ ಮುಳುಗಿದವರ ಬಾಬತ್ತು ತೆರೆದೇ ಇದೆ. ಸದಕಾಕ್ಕಂತೂ ತಡೆಯೇ ಇಲ್ಲ.

ಇದಕ್ಕಾಗಿ ಅನ್ಯ ಧರ್ಮೀಯರ ಜೊತೆ ಕೈಜೋಡಿಸಲು ಹಿಂಜರಿಯಬೇಕಿಲ್ಲ. ಮಕ್ಕಾದಲ್ಲಿ ಪರದೇಶಿ ವರ್ತಕನೊಬ್ಬನಿಗೆ ಸರಕಿನ ಬೆಲೆ ಕೊಡದೆ ವಂಚಿಸಿದಾಗ, ಮರ್ದಿತನ ಪರ ನಿಲ್ಲುವ ಹಿಲ್ಫುಲ್ ಫುದೂಲ್ ಪ್ರತಿಜ್ಞೆ ನಡೆಯಿತು. ಪ್ರವಾದಿತ್ವಕ್ಕೆ ಮುಂಚೆ ಅದರಲ್ಲಿ ಪಾಲ್ಗೊಂಡಿದ್ದ ಪ್ರವಾದಿವರ್ಯರು(ಸ), ಇಸ್ಲಾಮಿನ ಕಾಲದಲ್ಲಿ ಕರೆದರೂ ಅದಕ್ಕೆ ಓಗೊಡುವೆನೆಂದು ಹೇಳಿದ್ದರು. ಪರದೇಶದಲ್ಲಿ ಹಕ್ಕು ಕಳೆದುಕೊಂಡ ಒಬ್ಬನಿಗಾಗಿ ಮಾಡಿದ ಪ್ರತಿಜ್ಞೆ ಅದು.

ಸೂರಃ ಅಲ್ ಬಲದ್ ಕಡಿದಾದ ಏರುದಾರಿಯೊಂದರ ಬಗ್ಗೆ ಹೇಳುತ್ತದೆ. ಆ ದಾರಿ ಯಾವುದೆಂದು ಅದೇ ಕೇಳಿ, ಮೊದಲ ಉತ್ತರವಾಗಿ ಕೊಡುವುದು ಕೊರಳೊಂದನ್ನು ಬಂಧನದಿಂದ ಬಿಡಿಸುವುದನ್ನು. ಯಾವ ದೇಶ ಯಾವ ಶ್ರೇಣಿಯಲ್ಲಿದೆಯೆಂಬ ಲೆಕ್ಕವನ್ನು ವಾಷಿಂಗ್ಟನ್ ಇಟ್ಟುಕೊಳ್ಳಲಿ. ನಾವು ಆ ಏರುದಾರಿಯನ್ನು ಹತ್ತಿದೆವೋ ಬುಡದಲ್ಲೇ ನಿಂತು ವಾದಿಸಿದೆವೋ ಎಂಬ ಲೆಕ್ಕ ಬೇರೊಂದು ಗ್ರಂಥದಲ್ಲಿ ದಾಖಲಾಗುತ್ತಿದೆ. ಮರ್ದಿತರ ಪರ ನಿಲ್ಲುವ ಧೈರ್ಯವನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಅವನೇ ಪ್ರತಿವಾದಿಯಾಗಿ ನಿಲ್ಲುವ ಆ ಮೂವರಲ್ಲಿ ನಮ್ಮನ್ನಾಗಲಿ ನಮ್ಮ ಮಕ್ಕಳನ್ನಾಗಲಿ ಸೇರಿಸದಿರಲಿ. ಆಮೀನ್.